ಪೋಷಣೆ ಪಾಠದ ಕಿಟ್: ಅಯೋಡಿನ್ ಇರಲಿ, ಕೆಂಪು ಕಾರ್ಡು ಬೇಡ

ನಾನು ಐದನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಆಹಾರದ ಪಾಠಕ್ಕೆ ಅಂತ ಒಂದು ಚಟುವಟಿಕೆ ಕಿಟ್ ತರಿಸಿಕೊಂಡು, 32 ಮಕ್ಕಳ ಜೊತೆ ಆರು ವಾರ ಬಳಸಿದೆ. ಅದರಲ್ಲಿ ಅರ್ಧ ನನಗೆ ತುಂಬ ಇಷ್ಟವಾಯಿತು. ಇನ್ನರ್ಧವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ.

ಅಯೋಡಿನ್ ಬಾಟಲಿಯಿಂದ ಶುರು ಮಾಡಿದೆವು. ಕಂದು ಬಣ್ಣದ ದ್ರಾವಣ. ಪಿಷ್ಟದ (ಸ್ಟಾರ್ಚ್) ಮೇಲೆ ಒಂದು ಹನಿ ಬಿದ್ದರೆ ಕಪ್ಪು ನೀಲಿ ಆಗುತ್ತದೆ. ಆಲೂಗಡ್ಡೆ ಕಪ್ಪಾಯಿತು, ಬ್ರೆಡ್ ಕಪ್ಪಾಯಿತು, ಸೌತೆಕಾಯಿ ಹಾಗೇ ಉಳಿಯಿತು. ಇಷ್ಟು ಕಿಟ್‌ನ ಪುಸ್ತಕದಲ್ಲೇ ಇದೆ. ಒಬ್ಬ ಹುಡುಗ ಬಾಳೆಹಣ್ಣಿಗೂ ಹಾಕೋಣ ಅಂದ. ಚೆನ್ನಾಗಿ ಕಳಿತ ಹಣ್ಣಿನ ಬಣ್ಣ ಅಷ್ಟೇನೂ ಬದಲಾಗಲಿಲ್ಲ. ಮರುದಿನ ಕಾಯಿ ತಂದು ಹಾಕಿದರೆ ಕಪ್ಪೋ ಕಪ್ಪು! "ಮಿಸ್, ಹಣ್ಣಾದಾಗ ಪಿಷ್ಟ ಎಲ್ಲಿಗೆ ಹೋಯ್ತು? ಅದಕ್ಕೇನಾ ಸಿಹಿ ಆಗೋದು?" ಅಂತ ಅವನೇ ಕೇಳಿದ. ಹೌದು, ಪಿಷ್ಟವೇ ಸಕ್ಕರೆಯಾಗಿ ಒಡೆಯುತ್ತದೆ. ನಾಲ್ಕು ಸಲ ಬೋರ್ಡಿನ ಮೇಲೆ ಬರೆದರೂ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಹನಿ ಹಾಕಿದ ಚೂರನ್ನು ಯಾರೂ ಬಾಯಿಗೆ ಹಾಕಬಾರದು ಅಂತ ಮೊದಲೇ ಗಟ್ಟಿಯಾಗಿ ಹೇಳಿಡಿ. ಬಟ್ಟೆಗೆ ಬಿದ್ದರೆ ಕಲೆಯೂ ಆಗುತ್ತದೆ.

ಆಹಾರದಲ್ಲಿ ಕೊಬ್ಬು ಇದೆಯಾ ಅಂತ ಕಾಗದಕ್ಕೆ ಉಜ್ಜಿ ನೋಡುವ ಎಣ್ಣೆ ಕಲೆಯ ಪರೀಕ್ಷೆಗೆ ಕಂದು ಕಾಗದ ಕೊಟ್ಟಿದ್ದಾರೆ. ಚೆನ್ನಾಗಿದೆ, ಆದರೆ ಎಣ್ಣೆ ಹೀರುವ ಯಾವ ಕಾಗದವಾದರೂ ನಡೆಯುತ್ತದೆ. ಪ್ರೋಟೀನ್ ಪರೀಕ್ಷೆಯ ಬಾಟಲಿಯಲ್ಲಿ ಇರುವುದು ಚರ್ಮ ಸುಡುವ ಕಾಸ್ಟಿಕ್ ಸೋಡಾ. ಹತ್ತು ವರ್ಷದ ಮಕ್ಕಳ ಕೈಗೆ ಅದನ್ನು ಕೊಡುವುದೇ? ಕನ್ನಡಕ, ಕೈಗವಸು ಹಾಕಿಕೊಂಡು ನಾನೇ ಮಾಡಿ ತೋರಿಸಿದೆ.

ಸಕ್ಕರೆ ಚಟುವಟಿಕೆಗೆ ಒಂದು ಇಡೀ ಪೀರಿಯಡ್ ಬೇಕು. ತಂಪು ಪಾನೀಯದ ಲೇಬಲ್ ಇರುವ ಒಂದು ಹಾಳೆ, ಒಂದು ಚಮಚ, ಒಂದು ಖಾಲಿ ಲೋಟ. ಲೇಬಲ್‌ನಲ್ಲಿ 100 ಮಿಲೀಗೆ 10.6 ಗ್ರಾಂ ಸಕ್ಕರೆ. ಸಣ್ಣ ಸಂಖ್ಯೆ ಅಲ್ವಾ? ಬಾಟಲಿ 500 ಮಿಲೀ ಅಂತ ಗೊತ್ತಾದ ಮೇಲೆ ಮಕ್ಕಳು ಗುಣಿಸಿದರು, 53 ಗ್ರಾಂ ಬಂತು. ಚಮಚಕ್ಕೆ 4 ಗ್ರಾಂ ಅಂತ ಲೋಟಕ್ಕೆ ಸುರಿಯುತ್ತಾ ಹೋದರು. ಎಂಟನೇ ಚಮಚದ ಹೊತ್ತಿಗೆ ತರಗತಿ ಸುಮ್ಮನಾಯಿತು. ಹದಿಮೂರು ದಾಟಿದಾಗ ಒಬ್ಬಳು ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾ ನಿಂತಳು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯ ಲೆಕ್ಕದಲ್ಲಿ, 2,000 ಕ್ಯಾಲೊರಿ ತಿನ್ನುವ ದೊಡ್ಡವರಿಗೇ ದಿನಕ್ಕೆ ಸುಮಾರು 50 ಗ್ರಾಂ ಅಂತ ಆಮೇಲೆ ಹೇಳಿದೆ.

ಇನ್ನು ಬೀಗ ಹಾಕಿಟ್ಟದ್ದು. ಹಸಿರು ಕಾರ್ಡು ಅಂದರೆ 'ಒಳ್ಳೆಯ ಆಹಾರ', ಕೆಂಪು ಅಂದರೆ 'ಕೆಟ್ಟ ಆಹಾರ'. ಪಕ್ಕದವರ ಡಬ್ಬಿ ನೋಡಿ ಕಾರ್ಡು ಇಡುವ ಆಟ. ನಾನೂ ಯೋಚಿಸದೆ ಆಡಿಸಿಬಿಟ್ಟೆ. ಒಬ್ಬ ಹುಡುಗಿಯ ಡಬ್ಬಿ ಮೇಲೆ ಮೂರು ಕೆಂಪು ಕಾರ್ಡು ಬಿದ್ದವು. ಮರುದಿನ ಅವಳು ಮುಚ್ಚಳವನ್ನೇ ತೆಗೆಯಲಿಲ್ಲ. ಡಬ್ಬಿ ತುಂಬುವುದು ಅವಳಲ್ಲ. ಮನೆಯಲ್ಲಿ ಇದ್ದದ್ದನ್ನು ತಂದ ಮಗುವನ್ನು ಎಲ್ಲರ ಮುಂದೆ ನಾಚಿಸುವುದು ಪಾಠವೇ ಅಲ್ಲ. ಅವಳ ಪಕ್ಕ ಕೂತು ತಪ್ಪು ನನ್ನದು ಅಂತ ಹೇಳಿದೆ. ಕಿಟ್ ತಯಾರಿಸಿದವರಿಗೂ ಬರೆದಿದ್ದೇನೆ, ಈ ಆಟ ತೆಗೆಯಿರಿ ಅಂತ.

ಕಿಟ್‌ನ ಗೋಡೆಯ ಚಿತ್ರಪಟ ಇನ್ನೂ ಹಳೆಯ ಪಿರಮಿಡ್, ಅಂದರೆ ಯಾವ ಆಹಾರ ಎಷ್ಟು ತಿನ್ನಬೇಕು ಅಂತ ತೋರಿಸುವ ತ್ರಿಕೋನದ ಚಿತ್ರ. ಅಮೆರಿಕ 1992ರಲ್ಲಿ ತಂದ ಆ ಪಿರಮಿಡ್ಡನ್ನು 2011ರಲ್ಲಿ ಅವರೇ ಬಿಟ್ಟು ತಟ್ಟೆಯ ಚಿತ್ರಕ್ಕೆ ಬಂದರು. ಮಕ್ಕಳಿಗೂ ತಟ್ಟೆಯೇ ಸಲೀಸು.

ಬೀಗ ತೆಗೆದು ಹೊರತಂದ ಕಾರ್ಡುಗಳ ಖಾಲಿ ಬೆನ್ನಿನ ಮೇಲೆ ಈಗ ಮಕ್ಕಳಿಂದ ಪ್ರಶ್ನೆ ಬರೆಸುತ್ತಿದ್ದೇನೆ. ಕಳೆದ ವಾರ ಅದೇ ಹುಡುಗಿ 'ನನ್ನ ಡಬ್ಬಿಯಲ್ಲಿ ಪಿಷ್ಟ ಇದೆಯಾ?' ಅಂತ ಬರೆದು, ಒಂದು ತುತ್ತು ತೆಗೆದಿಟ್ಟು ತಾನೇ ಹನಿ ಹಾಕಿದಳು.

ಈ ಕಿಟ್ ಕೊಳ್ಳುವುದಾದರೆ ಹನಿ ಹಾಕುವ ಡ್ರಾಪರ್‌ಗಳನ್ನು ಬೇರೆಯಾಗಿ ತರಿಸಿಕೊಳ್ಳಿ. ಕಿಟ್‌ನಲ್ಲಿ ಇರುವುದು ಒಂದೇ.