ಬಿಚ್ಚುವುದು ಚೆನ್ನಾಗಿ ಕಲಿಸುತ್ತಾರೆ, ಕಟ್ಟುವುದು ಅಷ್ಟಕ್ಕಷ್ಟೇ

ಡೇಟಾ ಕಂಪ್ರೆಶನ್ (ಫೈಲನ್ನು ಚಿಕ್ಕದಾಗಿ ಕಟ್ಟುವುದು, ಬೇಕಾದಾಗ ಬಿಚ್ಚುವುದು) ಅನ್ನು ಅಸೆಂಬ್ಲಿಯಲ್ಲಿ, ಅಂದರೆ ನೇರ ಪ್ರೊಸೆಸರಿನ ಸೂಚನೆಗಳಲ್ಲಿ, ಬರೆಯಲು ಕಲಿಸುವ ಒಂದು ಆನ್‌ಲೈನ್ ಕೋರ್ಸ್ ಮುಗಿಸಿದೆ. ಹೆಸರು ಬೇಡ, ಸ್ವಲ್ಪ ಬೈಯುವುದೂ ಇದೆ. ದಿನವಿಡೀ ಪೈಥಾನ್ ಬರೆಯುವವನು ನಾನು. ಜಿಪ್ ಮಾಡಬೇಕೆಂದರೆ ಒಂದು ಇಂಪೋರ್ಟ್ ಸಾಲು, ಮುಗೀತು. ಒಳಗೆ ಏನು ನಡೆಯುತ್ತೆ ನೋಡೋಣ ಅಂತ ಸೇರಿದೆ. ಲಿನಕ್ಸ್, 64 ಬಿಟ್ ಇಂಟೆಲ್, ಅಸೆಂಬ್ಲಿಯನ್ನು ಯಂತ್ರದ ಕೋಡ್ ಮಾಡುವ ನ್ಯಾಸ್ಮ್, ಓಡುವ ಪ್ರೋಗ್ರಾಂ ನಿಲ್ಲಿಸಿ ಒಳಗೆ ಇಣುಕುವ ಜಿಡಿಬಿ: ಸಾಮಾನು ಇಷ್ಟೇ.

ಮೊದಲ ಪಾಠ ಆರ್‌ಎಲ್‌ಇ. ಯಾವ ಬೈಟ್, ಸಾಲಾಗಿ ಎಷ್ಟು ಸಲ ಬಂತು ಅಂತ ಜೋಡಿ ಜೋಡಿಯಾಗಿ ಬರೆಯುವುದು. ಸುಮ್ನೆ ಒಂದು ಕನ್ನಡ ಫೈಲ್ ಕೊಟ್ಟು ನೋಡಿದೆ. ಹೆಚ್ಚುಕಡಿಮೆ ಎರಡರಷ್ಟಾಯಿತು! ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಕನ್ನಡದ ಪ್ರತಿ ಅಕ್ಷರಕ್ಕೂ, ಒತ್ತು ಗುಣಿತದ ಪ್ರತಿ ಚಿಹ್ನೆಗೂ 3 ಬೈಟ್. ಮೊದಲೆರಡು, ಹೆಕ್ಸ್‌ನಲ್ಲಿ (16ರ ಲೆಕ್ಕದ ಅಂಕಿಯಲ್ಲಿ) ಹೇಳಿದರೆ, ಇ0 ಬಿ2, ಇಲ್ಲಾಂದ್ರೆ ಇ0 ಬಿ3. ಒಂದೇ ಬೈಟ್ ಅಕ್ಕಪಕ್ಕ ಬರುವುದೇ ಅಪರೂಪ. ನಮ್ಮ 'ಲ' ಮಾತ್ರ ಇ0 ಬಿ2 ಬಿ2, ಪಾಪ, ಅದೊಂದು ಸಹಾಯ ಮಾಡಿತು.

ಆಮೇಲೆ ಎಲ್‌ಝಡ್‌ಎಸ್‌ಎಸ್ ಅನ್ನುವ ಇನ್ನೊಂದು ಕಂಪ್ರೆಶನ್ ವಿಧಾನ. ಲೆಂಪೆಲ್ ಮತ್ತು ಝಿವ್ 1977ರಲ್ಲಿ ಕೊಟ್ಟ ಉಪಾಯದ ಮೇಲೆ 1982ರಲ್ಲಿ ಬಂದದ್ದು. ಇದೇ ತುಂಡು ಹಿಂದೆ ಎಷ್ಟು ದೂರದಲ್ಲಿತ್ತು, ಎಷ್ಟು ಉದ್ದ ಅಂತ ಬರೆದರೆ ಸಾಕು. ಇಲ್ಲಿ ದೂರಕ್ಕೆ 12 ಬಿಟ್, ಉದ್ದಕ್ಕೆ 4. ಮೇಷ್ಟ್ರು ಮೊದಲು ಬಿಚ್ಚುವ ಕೋಡ್ ಬರೆಸಿದರು, ಅದೇ ಸರಿ. ಕಾಪಿ ಮಾಡುವ ಕೆಲಸ ಒಂದೇ ಸೂಚನೆ: ರೆಪ್ ಮೊವ್‌ಎಸ್‌ಬಿ. ನಾನು ಜಾಣತನ ತೋರಿಸಲು ಹೋಗಿ ಒಂದೇ ಸಲಕ್ಕೆ 8 ಬೈಟ್ ಎತ್ತಿದೆ. ದೂರ 1, ಉದ್ದ 10 ಅಂತ ಇದ್ದಲ್ಲಿ ಹಿಂದಿನ ಒಂದು ಬೈಟ್ ಹತ್ತು ಸಲ ಬರಬೇಕು. ಜಿಡಿಬಿಯಲ್ಲಿ ಕಂಡದ್ದು 61 61 00 00 00 (ಆ ಹಿಂದಿನ ಬೈಟೇ 61). ಈಗಷ್ಟೇ ಬರೆದ ಬೈಟನ್ನೇ ಮತ್ತೆ ಓದಬೇಕು, ನಾನು ಬರೆಯುವ ಮೊದಲೇ ಓದಿಬಿಟ್ಟಿದ್ದೆ! ಒಂದೊಂದೇ ಬೈಟ್ ಹೋಗುವ ಸೂಚನೆ ಯಾಕೆ ಅಂತ ಆಗ ತಲೆಗೆ ಹತ್ತಿತು. ಈ ಭಾಗಕ್ಕೆ ಕೊಟ್ಟ ದುಡ್ಡು ವಸೂಲಿ.

ಕಟ್ಟುವ ಭಾಗ ಬಂದಾಗ ಮೇಷ್ಟ್ರಿಗೆ ಅವಸರ. ಪ್ರತಿ ಬೈಟಿಗೂ ಹಿಂದಿನ 4096 ಬೈಟ್ ಪೂರ್ತಿ ಹುಡುಕಿಸುತ್ತಾರೆ. ಬೇಗ ಹುಡುಕಲು ಬೇಕಾದ ಹ್ಯಾಶ್ ಟೇಬಲ್ (ಯಾವ ತುಂಡು ಎಲ್ಲಿತ್ತು ಅನ್ನುವ ಪಟ್ಟಿ) 'ನೀವೇ ಪ್ರಯತ್ನಿಸಿ'. ಅದಿರಲಿ, ಅವರು ಕೊಟ್ಟ ಕೋಡ್ ಫೈಲಿನ ಕೊನೆ ದಾಟಿಯೂ ಹೋಲಿಸುತ್ತಾ ಹೋಗುತ್ತದೆ. ಫೈಲನ್ನು ಎಂಮ್ಯಾಪ್ ಮಾಡಿರುವುದರಿಂದ (ಅಂದರೆ ನೇರ ಮೆಮೊರಿಗೆ, 4096 ಬೈಟಿನ ಪೇಜ್‌ಗಳಾಗಿ ಜೋಡಿಸಿರುವುದರಿಂದ) ಕೊನೆಯ ಪೇಜಿನಲ್ಲಿ ಉಳಿದ ಜಾಗವೆಲ್ಲ ಸೊನ್ನೆ. ಸೊನ್ನೆಯಲ್ಲೇ ಮುಗಿಯುವ ಫೈಲ್ ಬಿಚ್ಚಿದರೆ ಬಾಲದಲ್ಲಿ ಸೊನ್ನೆ ಜಾಸ್ತಿ. ಪೇಜಿನಲ್ಲಿ ಜಾಗವೇ ಉಳಿಯದಂತೆ ಸರಿಯಾಗಿ 8192 ಬೈಟಿನ ಫೈಲ್ ಕೊಟ್ಟೆ, ಸೆಗ್‌ಫಾಲ್ಟ್: ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಂ ಸತ್ತಿತು. ಪ್ರಶ್ನೆ ಕಳಿಸಿದರೆ 'ವಿಡಿಯೋ ಇನ್ನೊಮ್ಮೆ ನೋಡಿ' ಅಂತ ಉತ್ತರ. ಕೊನೆ ಬಂತಾ ಅಂತ ಹೋಲಿಸುವ ಒಂದು ಸಿಎಂಪಿ, ಬಂದಿದ್ದರೆ ಹೊರಗೆ ಹಾರುವ ಒಂದು ಜಂಪ್, ಅಷ್ಟೇ ಬೇಕಿದ್ದದ್ದು. ನಾನೇ ಹಾಕಿಕೊಂಡೆ.

ಸಿಸ್‌ಕಾಲ್ (ಲಿನಕ್ಸ್‌ಗೆ ಕೆಲಸ ಒಪ್ಪಿಸುವ ಸೂಚನೆ) ಆದಮೇಲೆ ಆರ್‌ಸಿಎಕ್ಸ್, ಆರ್11 ಅನ್ನುವ ರಿಜಿಸ್ಟರ್‌ಗಳಲ್ಲಿ (ಪ್ರೊಸೆಸರಿನ ಒಳಗಿನ ಪುಟ್ಟ ಜಾಗಗಳು) ಇಟ್ಟದ್ದು ಕೆಟ್ಟುಹೋಗುತ್ತದೆ ಅನ್ನುವುದನ್ನೂ ಎಲ್ಲೂ ಹೇಳಿಲ್ಲ. ಲೂಪಿನ ಎಣಿಕೆ ಆರ್‌ಸಿಎಕ್ಸ್‌ನಲ್ಲಿ ಇಟ್ಟುಕೊಂಡು ಒಂದಿಡೀ ಸಂಜೆ ಕಳೆದೆ.

5ಕ್ಕೆ 3 ಕೊಡುತ್ತೇನೆ. ಸಿ ಗೊತ್ತಿದ್ದು, ಜಿಡಿಬಿ ಕಂಡರೆ ಭಯ ಇಲ್ಲದವರು ಮೊದಲರ್ಧಕ್ಕಾಗಿ ತಗೊಳ್ಳಬಹುದು. ಜೆಪೆಗ್ ಫೋಟೋ ಕೊಟ್ಟು, ಚಿಕ್ಕದಾಗಲಿಲ್ಲ ಅಂತ ಮಾತ್ರ ದೂರಬೇಡಿ. ಹೊಂದುವ ತುಂಡೇ ಸಿಗದಿದ್ದರೆ 8 ಬೈಟಿಗೆ 1 ಫ್ಲ್ಯಾಗ್ ಬೈಟ್ (ಮುಂದಿನ ಎಂಟರಲ್ಲಿ ಯಾವುದು ನೇರ ಬೈಟ್, ಯಾವುದು ದೂರ-ಉದ್ದದ ಜೋಡಿ ಅಂತ ಹೇಳುವ ಗುರುತು) ಸೇರುತ್ತದೆ. ನನ್ನ 80,000 ಬೈಟಿನ ಫೋಟೋ 90,000ದ ಹತ್ತಿರ ಹೋಗಿತ್ತು.