ಹಳೆ ಸಾಮಾನು ಮಾರಿದ ದುಡ್ಡಿಗೆ ಯುಪಿಐ: ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ

ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಂಥ ಕಡೆ ಫ್ರಿಜ್, ಸೋಫಾ, ಹಳೆ ಮೊಬೈಲ್ ಮಾರುವವರಿಗೆ ದುಡ್ಡು ಪಡೆಯಲು ಯುಪಿಐಗಿಂತ ಸಲೀಸಾದ ದಾರಿ ಇಲ್ಲ. ಶುಲ್ಕ ಇಲ್ಲ, ಭಾನುವಾರ ರಾತ್ರಿಯೂ ನಡೆಯುತ್ತದೆ, ವ್ಯಕ್ತಿಯಿಂದ ವ್ಯಕ್ತಿಗೆ ದಿನಕ್ಕೆ 1 ಲಕ್ಷದವರೆಗೆ ಕಳಿಸಬಹುದು. ಇಲ್ಲಿ ಮೋಸ ಹೋಗುವವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ದುಡ್ಡು ಬಂತೋ ಇಲ್ಲವೋ ಎಂದು ತಮ್ಮ ಖಾತೆ ನೋಡದೆ, ಎದುರಿನವರು ತೋರಿಸಿದ್ದನ್ನು ನಂಬುತ್ತಾರೆ.

ಯುಪಿಐ ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ. ಬರುವುದಕ್ಕೆ ಪಿನ್ ಬೇಡ, ಸ್ಕ್ಯಾನ್ ಬೇಡ, ಒಟಿಪಿಯೂ ಬೇಡ. ಆದರೂ ಕ್ಯೂಆರ್ ಮೋಸ ಇನ್ನೂ ನಡೆಯುತ್ತಿದೆ. ಫೋನ್ ಮಾಡಿದವರು ಚೌಕಾಸಿ ಮಾಡುವುದಿಲ್ಲ, ವಸ್ತು ನೋಡಬೇಕು ಅನ್ನುವುದಿಲ್ಲ. "ಆರ್ಮಿಯಲ್ಲಿದ್ದೀನಿ, ನಮ್ಮ ಹುಡುಗ ಬಂದು ತಗೊಂಡು ಹೋಗ್ತಾನೆ" ಎಂದು ಗುರುತಿನ ಚೀಟಿಯ ಫೋಟೋ ಕಳಿಸುತ್ತಾರೆ. ನಂಬಿಕೆ ಹುಟ್ಟಲಿ ಎಂದು ಮೊದಲು 1 ರೂಪಾಯಿ ಹಾಕುವುದೂ ಉಂಟು. ಆಮೇಲೆ ವಾಟ್ಸಾಪ್‌ನಲ್ಲಿ ಕ್ಯೂಆರ್ ಬರುತ್ತದೆ: "ಸ್ಕ್ಯಾನ್ ಮಾಡಿ, ಅಡ್ವಾನ್ಸ್ ಬರುತ್ತೆ." ಅಲ್ಲಿಗೆ ಫೋನ್ ಇಟ್ಟುಬಿಡಿ. ಕೊಳ್ಳುವವರು ನಿಮ್ಮ ಕ್ಯೂಆರ್ ಸ್ಕ್ಯಾನ್ ಮಾಡಬೇಕೇ ಹೊರತು ನೀವು ಅವರದ್ದನ್ನಲ್ಲ. ವ್ಯಕ್ತಿಗಳ ನಡುವಿನ ಕಲೆಕ್ಟ್ ರಿಕ್ವೆಸ್ಟ್ (ದುಡ್ಡು ಕೊಡಿ ಎಂದು ಆ್ಯಪ್‌ನಲ್ಲೇ ಬರುವ ಕೋರಿಕೆ) ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದು ಬಹಳ ಒಳ್ಳೆಯ ಕೆಲಸ. ಆದರೆ ವ್ಯಾಪಾರಿ ಖಾತೆಗಳಿಂದ ಅಂಥ ರಿಕ್ವೆಸ್ಟ್ ಈಗಲೂ ಬರಬಹುದು.

ಇನ್ನೊಂದು ಆಟ ಎಸ್‌ಎಂಎಸ್‌ನದ್ದು. ಖಾತೆಗೆ 15,000 ಜಮಾ ಆಗಿದೆ ಎಂಬ ಸಂದೇಶ, ಅದರ ಬೆನ್ನಿಗೇ ಗಾಬರಿಯ ಕರೆ: "1,500 ಹಾಕೋದು 15,000 ಹಾಕ್ಬಿಟ್ಟೆ, 13,500 ವಾಪಸ್ ಕಳಿಸಿ, ಆಸ್ಪತ್ರೇಲಿದ್ದೀನಿ." ಸಂದೇಶ ಬಂದಿರುವುದು ಮಾಮೂಲಿ ಹತ್ತಂಕಿಯ ಮೊಬೈಲ್ ನಂಬರಿನಿಂದ ಎಂದಾದರೆ ಅದು ಬ್ಯಾಂಕಿನದ್ದಲ್ಲ. ಖಾತೆಯಲ್ಲಿ ನಯಾಪೈಸೆಯೂ ಬಂದಿರುವುದಿಲ್ಲ.

ಮನೆ ಬಾಗಿಲಿಗೆ ಬಂದವರು ತೋರಿಸುವ ಹಸಿರು ಟಿಕ್‌ಗೂ ಬೆಲೆ ಕೊಡಬೇಡಿ. ಥೇಟ್ ಹಾಗೇ ಕಾಣುವ ನಕಲಿ ಆ್ಯಪ್‌ಗಳಿವೆ. ನಿಮ್ಮ ಬ್ಯಾಂಕ್ ಆ್ಯಪ್ ತೆರೆದು, ಸ್ಟೇಟ್‌ಮೆಂಟ್‌ನಲ್ಲಿ ಮೊತ್ತ, ಕಳಿಸಿದವರ ಹೆಸರು, 12 ಅಂಕಿಯ ಯುಟಿಆರ್ (ಆ ವ್ಯವಹಾರದ ಗುರುತಿನ ಸಂಖ್ಯೆ) ನೋಡಿ. ನನ್ನ ಮುಖ್ಯ ದೂರು ಇಲ್ಲೇ: ಜಮಾ ಸಂದೇಶ ಎಷ್ಟೋ ಸಲ ತಡವಾಗಿ ಬರುತ್ತದೆ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಂತೂ ನೆಟ್‌ವರ್ಕೇ ಇರುವುದಿಲ್ಲ. ವಸ್ತು ಕೊಡುವ ಜಾಗವನ್ನು ಸಿಗ್ನಲ್ ನೋಡಿ ಆರಿಸಿ. ಅವರ ಖಾತೆಯಲ್ಲಿ ಕಡಿತವಾಗಿ ನಿಮಗೆ ಬರದಿದ್ದರೆ, ರಿಸರ್ವ್ ಬ್ಯಾಂಕ್ ನಿಯಮದಂತೆ ಮರುದಿನದೊಳಗೆ ಅವರಿಗೇ ಹಿಂದಿರುಗಬೇಕು. ತಡವಾದರೆ ಬ್ಯಾಂಕ್ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಹಾಗಾಗಿ "ನಾಳೆ ಬಂದು ಒಯ್ಯಿರಿ" ಅನ್ನಲು ಸಂಕೋಚ ಬೇಡ.

ಯುಪಿಐ ಕಾಪಾಡದ ಅಪಾಯ ಒಂದಿದೆ, ಇದರ ಬಗ್ಗೆ ಮಾತಾಡುವವರು ಕಡಿಮೆ. ದುಡ್ಡು ನಿಜವಾಗಿಯೂ ಬರುತ್ತದೆ, ಆದರೆ ಅದು ಇನ್ನೆಲ್ಲೋ ವಂಚಿಸಿ ತಂದದ್ದು. ಕಳಕೊಂಡವರು ದೂರು ಕೊಟ್ಟಾಗ ಜಾಡು ಹಿಡಿದು ನಿಮ್ಮ ಖಾತೆಗೂ ತಡೆ ಬೀಳುತ್ತದೆ. ಬಂದವರ ಹೆಸರೊಂದು, ಕಳಿಸಿದವರ ಹೆಸರು ಇನ್ನೊಂದಾದರೆ ವ್ಯವಹಾರ ಬೇಡ ಅನ್ನಿ. ಚಾಟ್, ಜಾಹೀರಾತಿನ ಸ್ಕ್ರೀನ್‌ಶಾಟ್, ಸಹಿ ಹಾಕಿದ ರಶೀದಿ ಇಟ್ಟುಕೊಳ್ಳಿ. ಬ್ಯಾಂಕಿಗೂ ಪೊಲೀಸರಿಗೂ ತೋರಿಸಲು ಅವೇ ಆಧಾರ. ಮಾರಾಟಕ್ಕೆಂದೇ ಕಡಿಮೆ ಹಣವಿರುವ ಬೇರೆ ಉಳಿತಾಯ ಖಾತೆ ಇದ್ದರೆ ಇನ್ನೂ ನೆಮ್ಮದಿ, ಸಂಬಳದ ಖಾತೆ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಬೈಕು, ಕಾರಿಗೆ ಯುಪಿಐ ಸಾಲದು. ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ಬೇರೆ ದಾರಿಗಳಿವೆ: 5 ಲಕ್ಷದವರೆಗೆ ಐಎಂಪಿಎಸ್, 2 ಲಕ್ಷದಿಂದ ಮೇಲೆ ಆರ್‌ಟಿಜಿಎಸ್. ಚೆಕ್ ಕೊಟ್ಟರೆ ಕ್ಲಿಯರ್ ಆಗುವವರೆಗೆ ಆರ್‌ಸಿ, ಕೀಲಿ ಕೊಡಬೇಡಿ.

ದುಡ್ಡು ಹೋಗಿಯೇಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಯುಟಿಆರ್, ಮೊತ್ತ, ಸಮಯ, ಎದುರಿನವರ ಯುಪಿಐ ಐಡಿ ಬರೆದಿಟ್ಟುಕೊಂಡೇ ಕರೆ ಮಾಡಿ. ಆ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯಬೇಕು.