ಲಾರಿ ಕ್ಯಾಬಿನ್‌ಗೆ ಯಾವುದು: ಐಸ್ ಬಾಕ್ಸೋ, ಕೂಲರೋ, ಕಂಪ್ರೆಸರ್ ಫ್ರಿಜ್ಜೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಂಪ್ರೆಸರ್ ಫ್ರಿಜ್‌ಗೆ. ವಾರಗಟ್ಟಲೆ ಲಾರಿಯಲ್ಲೇ ಉಣ್ಣುವ, ಮಲಗುವ ಡ್ರೈವರ್‌ಗೆ ಬೇರೆ ಯಾವುದನ್ನೂ ತಗೊಳ್ಳಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಮೂರನ್ನೂ ಇಟ್ಟುಕೊಂಡು ಓಡಾಡಿದ್ದೇನೆ. ಗೆದ್ದಿದ್ದು ಕಂಪ್ರೆಸರ್, ಆದರೆ ಜಾಸ್ತಿ ತಲೆ ತಿಂದದ್ದೂ ಅದೇ. ಆ ಕಥೆ ಮುಂದೆ ಬರುತ್ತದೆ.

ಐಸ್ ಬಾಕ್ಸ್ ಒಂದೆರಡು ದಿನದ ಓಟಕ್ಕೆ ಧಾರಾಳ ಸಾಕು. ಕರೆಂಟ್ ಬೇಡ, ಸದ್ದಿಲ್ಲ, ಕೆಟ್ಟುಹೋಗಲು ಒಳಗೆ ಏನೂ ಇಲ್ಲ. ತೊಂದರೆ ಶುರುವಾಗುವುದು ಐಸ್ ಮುಗಿದಾಗ. ಐಸ್ ಮಾರುವ ಅಂಗಡಿ ಮುಂದೆ ಕಾರು ನಿಲ್ಲಿಸಬಹುದು, ಟ್ರೇಲರ್ ನಿಲ್ಲಿಸಲು ಜಾಗ ಎಲ್ಲಿದೆ? ಅರ್ಧ ಕಿಲೋಮೀಟರ್ ಆಚೆ ಗಾಡಿ ಹಾಕಿ, ಚೀಲ ಹೊತ್ತುಕೊಂಡು ಬರುವಷ್ಟರಲ್ಲಿ ವಿಶ್ರಾಂತಿಯ ಹೊತ್ತೆಲ್ಲ ಅದಕ್ಕೇ ಸರಿ. ಆಮೇಲೆ ಕರಗಿದ ನೀರು. ಜೋರಾಗಿ ಬ್ರೇಕ್ ಒತ್ತಿದಾಗಲೆಲ್ಲ ಅದು ಎದ್ದು ಊಟದ ಡಬ್ಬಿಗಳ ಮುಚ್ಚಳದ ಸಂದಿಗೆ ನುಗ್ಗುತ್ತದೆ.

ಎರಡನೆಯದು ಥರ್ಮೋಎಲೆಕ್ಟ್ರಿಕ್ ಕೂಲರ್. ಲೈಟರ್ ಸಾಕೆಟ್‌ಗೆ ಚುಚ್ಚಿದರೆ ಆಯಿತು, ಬೆಲೆಯೂ ಕೈಗೆಟುಕುವಂಥದ್ದು. ಇದರಲ್ಲಿ ಗ್ಯಾಸ್ ಇಲ್ಲ, ಕಂಪ್ರೆಸರ್ ಇಲ್ಲ. ಎರಡು ಬೇರೆ ಬೇರೆ ವಸ್ತು ಕೂಡುವ ಕಡೆ ಕರೆಂಟ್ ಹರಿಸಿದರೆ ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಬಿಸಿಯಾಗುತ್ತದೆ. 1834ರಲ್ಲಿ ಫ್ರಾನ್ಸ್‌ನ ವಿಜ್ಞಾನಿ ಪೆಲ್ಟಿಯರ್ ಕಂಡುಕೊಂಡದ್ದು ಇದನ್ನೇ. ಕೇಳಲು ಚೆಂದ, ಅಲ್ವಾ? ಆದರೆ ಈ ಡಬ್ಬ ಹೊರಗಿನ ಬಿಸಿಗಿಂತ ಹೆಚ್ಚೆಂದರೆ 15ರಿಂದ 20 ಡಿಗ್ರಿ ಕೆಳಗೆ ಇಳಿಯುತ್ತದೆ, ಅಷ್ಟೇ. ಬಿಸಿಲಲ್ಲಿ ನಿಂತ ಕ್ಯಾಬಿನ್ ಒಳಗೆ 45 ಡಿಗ್ರಿ ಇದ್ದರೆ ಹಾಲು 25ರಲ್ಲಿ ಕೂತಿರುತ್ತದೆ. ಹಾಲು ಉಳಿಯಬೇಕಾದರೆ 5ರ ಒಳಗಿರಬೇಕು. ಜೊತೆಗೆ ಅದರ ಫ್ಯಾನ್ ತಲೆದಿಂಬಿನ ಪಕ್ಕದಲ್ಲೇ ರಾತ್ರಿಯಿಡೀ ಗುಂಯ್ ಅನ್ನುತ್ತಿರುತ್ತದೆ. ಕುಡಿಯುವ ನೀರು ತಣ್ಣಗಿದ್ದರೆ ಸಾಕು ಅನ್ನುವವರು ತಗೊಳ್ಳಲಿ.

ಕಂಪ್ರೆಸರ್ ಫ್ರಿಜ್ ಹಾಗಲ್ಲ. ಹೊರಗೆ ಎಷ್ಟೇ ಸುಡುತ್ತಿದ್ದರೂ ನಾನು 4 ಅಂತ ಇಟ್ಟರೆ 4ಕ್ಕೆ ಇಳಿಸುತ್ತದೆ. ಕರೆಂಟ್ ತುಂಬಾ ಎಳೆಯುತ್ತದೆ ಎಂದು ಹೆದರುವವರು ಜಾಸ್ತಿ, ಲೆಕ್ಕ ಮಾತ್ರ ಉಲ್ಟಾ. ಓಡುವಾಗ ಸುಮಾರು 50 ವ್ಯಾಟ್ ತಿಂದರೂ, ತಣ್ಣಗಾದ ಮೇಲೆ ನಿಂತು ನಿಂತು ಓಡುತ್ತದೆ. ಹತ್ತು ಗಂಟೆಯಲ್ಲಿ ನಾಲ್ಕು ಗಂಟೆ ಓಡಿತು ಅನ್ನಿ, 200 ವ್ಯಾಟ್‌ಅವರ್ ಆಯಿತು. ಲಾರಿಯ 24 ವೋಲ್ಟ್‌ನಲ್ಲಿ (12ರ ಎರಡು ಬ್ಯಾಟರಿ ಸಾಲಾಗಿ ಸೇರಿ) ಬ್ಯಾಟರಿಯಿಂದ ಹೋಗುವ ಚಾರ್ಜ್ 8 ಆಂಪ್‌ಅವರ್ ಚಿಲ್ಲರೆ. ಅಷ್ಟೇ ವ್ಯಾಟ್‌ನ ಪೆಲ್ಟಿಯರ್ ಕೂಲರ್ ಬಿಡುವಿಲ್ಲದೆ ಓಡಿ 20ಕ್ಕೂ ಮೇಲೆ ತಿನ್ನುತ್ತದೆ.

ಈಗ ತಲೆನೋವಿನ ಕಥೆ. ಹೊಸ ಫ್ರಿಜ್ ಹಗಲೆಲ್ಲ ಚೆನ್ನಾಗಿ ಓಡುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಹಾಲು ಹುಳಿ. ಎಂಜಿನ್ ಸ್ಟಾರ್ಟ್ ಮಾಡಿದ ತಕ್ಷಣ ಫ್ರಿಜ್ ಏನೂ ಆಗಿಲ್ಲ ಅನ್ನುವಂತೆ ಮತ್ತೆ ಓಡುತ್ತಿತ್ತು. ಇಂಥ ಫ್ರಿಜ್‌ಗಳಲ್ಲಿ ಬ್ಯಾಟರಿ ಕಾಯುವ ಒಂದು ಕಟ್‌ಆಫ್ ಇರುತ್ತದೆ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದರೆ ತಾನೇ ಆಫ್ ಆಗುತ್ತದೆ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿ ಅಂತ. ಒಳ್ಳೆಯದೇ. ಆದರೆ ನನ್ನ ಬ್ಯಾಟರಿ ಗಟ್ಟಿಯಾಗಿತ್ತು. ಎಲೆಕ್ಟ್ರಿಷಿಯನ್ ಒಬ್ಬ ಸುಮ್ನೆ ನೋಡಿ, ಎರಡೂ ಬ್ಯಾಟರಿ ಬದಲಾಯಿಸಿ ಅಂದ. ಅವನಿಗೇನು, ಎರಡು ಬ್ಯಾಟರಿ ಮಾರಾಟ ಆಗುತ್ತಿತ್ತು.

ಮೀಟರ್ ಹಿಡಿದು ನಾನೇ ಕೂತೆ. ಬ್ಯಾಟರಿ ಟರ್ಮಿನಲ್‌ನಲ್ಲಿ 24.9. ಪ್ಲಗ್ ಕಿತ್ತು ಸಾಕೆಟ್‌ನಲ್ಲಿ ಅಳೆದರೆ ಅಲ್ಲೂ 24.9. ಎಲ್ಲ ಸರಿಯಾಗಿದೆ ಅನ್ನಿಸುತ್ತದೆ, ಮೋಸ ಇರುವುದು ಅಲ್ಲೇ: ಕರೆಂಟ್ ಹರಿಯದಿದ್ದರೆ ದಾರಿಯಲ್ಲಿ ವೋಲ್ಟೇಜ್ ಇಳಿಯುವುದೇ ಇಲ್ಲ. ಪ್ಲಗ್ ಹಾಕಿ, ಕಂಪ್ರೆಸರ್ ಓಡುತ್ತಿರುವಾಗ ಫ್ರಿಜ್‌ನ ತುದಿಯಲ್ಲಿ ಅಳೆದೆ. 23.7! ಒಂದು ವೋಲ್ಟ್‌ಗೂ ಮೇಲೆ ದಾರಿಯಲ್ಲೇ ಮಾಯ. ಲೈಟರ್ ಸಾಕೆಟ್‌ಗೆ ಬರುವ ತೆಳು ವೈರ್ ಸ್ವಲ್ಪ ತಿನ್ನುತ್ತಿತ್ತು. ಉಳಿದದ್ದನ್ನು ತಿನ್ನುತ್ತಿದ್ದದ್ದು ಸಾಕೆಟ್ಟೇ. ಗಾಡಿಯ ಕುಲುಕಾಟಕ್ಕೆ ಪ್ಲಗ್ ಸಡಿಲವಾಗಿ, ತುದಿಯ ಸ್ಪ್ರಿಂಗ್ ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಬಿಸಿ. ಫ್ರಿಜ್‌ಗೆ ಕಾಣುವುದು ತನ್ನ ತುದಿಯ ವೋಲ್ಟೇಜ್ ಮಾತ್ರ, ಹಾಗಾಗಿ ಬ್ಯಾಟರಿ ಖಾಲಿ ಎಂದುಕೊಂಡು ಮಲಗಿಬಿಡುತ್ತಿತ್ತು.

ಪರಿಹಾರ ಎರಡು. ಕಟ್‌ಆಫ್ ಮಟ್ಟವನ್ನು ಮಧ್ಯಮಕ್ಕೋ ಕಡಿಮೆಗೋ ಇಳಿಸಬಹುದು, ಬಟನ್ ಒತ್ತಿದರೆ ಸಾಕು. ಆದರೆ ಸುಡುವ ಸಾಕೆಟ್ ಹಾಗೇ ಉಳಿಯುತ್ತದೆ. ನಾನು ಬ್ಯಾಟರಿಯಿಂದಲೇ ನೇರವಾಗಿ ದಪ್ಪ ವೈರ್ ಎಳೆಸಿದೆ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಫ್ರಿಜ್ ಹತ್ತಿರ ತಿರುಗಿಸಿ ಬಿಗಿಯುವ ಕನೆಕ್ಟರ್. ಆ ಫ್ಯೂಸನ್ನು ಮಾತ್ರ ಬಿಡಬೇಡಿ. ಕ್ಯಾಬಿನ್ ಕೆಳಗೆ ಎಲ್ಲೋ ವೈರ್ ಉಜ್ಜಿ ಶಾರ್ಟ್ ಆದರೆ ಬೆಂಕಿಯೇ. ಅಂದಿನಿಂದ ಹಾಲು ಕೆಟ್ಟಿಲ್ಲ, ಹಳೆ ಬ್ಯಾಟರಿಗಳೇ ಈಗಲೂ ಓಡುತ್ತಿವೆ.

ಇನ್ನೊಂದು ಮಾತು. ಬರೀ 12 ವೋಲ್ಟ್‌ನ ಫ್ರಿಜ್ ತಂದು, ಲಾರಿಯ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ಲೈನ್ ತೆಗೆಯುವವರಿದ್ದಾರೆ. ಆ ಒಂದು ಬ್ಯಾಟರಿ ದಿನಾ ಬರಿದಾಗುತ್ತದೆ, ಇನ್ನೊಂದು ತುಂಬಿಯೇ ಇರುತ್ತದೆ. ಚಾರ್ಜ್ ಆಗುವಾಗ ಎರಡಕ್ಕೂ ಹರಿಯುವುದು ಒಂದೇ ಕರೆಂಟ್. ಒಂದಕ್ಕೆ ಸಾಲದು, ಇನ್ನೊಂದಕ್ಕೆ ಅತಿಯಾಗುತ್ತದೆ, ಬೇಗನೆ ಎರಡೂ ಹೋಗುತ್ತವೆ. 12/24 ಎರಡಕ್ಕೂ ಆಗುವ ಫ್ರಿಜ್ಜನ್ನೇ ಕೇಳಿ.

ಸದ್ದು: ಕಂಪ್ರೆಸರ್ ಆಗಾಗ ಗುರ್ ಅನ್ನುತ್ತದೆ, ರೂಢಿಯಾಗುತ್ತದೆ. ತೂಕ: ಭಾರವೇ, ಆದರೆ ಒಮ್ಮೆ ಕಟ್ಟಿದ ಮೇಲೆ ಎತ್ತುವವರು ಯಾರು?

ದುಡ್ಡಿನ ವಿಷಯಕ್ಕೆ ಬಂದರೆ ಕಂಪ್ರೆಸರ್ ದುಬಾರಿ, ವೈರಿಂಗ್ ಖರ್ಚು ಬೇರೆ. ನಾನು ಹೊರಗಿನ ಊಟ ಕಡಿಮೆ ಮಾಡಿ ಕ್ಯಾಬಿನ್‌ನಲ್ಲೇ ತಿನ್ನುವವನು, ಹಾಗಾಗಿ ಅದು ತನ್ನ ದುಡ್ಡನ್ನು ತಾನೇ ತೀರಿಸಿತು. ರಾತ್ರಿ ಮನೆ ಸೇರುವ ಡ್ರೈವರ್‌ಗೆ ಐಸ್ ಬಾಕ್ಸೇ ಸಾಕು, ಮನೆಯಲ್ಲೇ ಐಸ್ ಸಿಗುತ್ತದೆ. ಕಂಪ್ರೆಸರ್ ತಗೊಳ್ಳುವುದಾದರೆ ಅಂಗಡಿಗೆ ಹೋಗುವ ಮೊದಲು ಬರ್ತ್ ಕೆಳಗಿನ ಜಾಗ ಅಳೆದುಕೊಳ್ಳಿ. ಫ್ರಿಜ್ ಹಿಡಿಸಿದರೆ ಸಾಲದು, ಮುಚ್ಚಳ ಪೂರ್ತಿ ತೆರೆಯಬೇಕು, ಬಿಸಿಗಾಳಿ ಹೊರಹೋಗುವ ಬದಿಗೆ ನಾಲ್ಕು ಬೆರಳಾದರೂ ಬಿಡುವಿರಬೇಕು.